ಸೊನ್ನೆಯ ಕೆಳಗೂ ಹುಳಿಯುಂಟು

ಶುಭಕಾರ್ಯಗಳಲ್ಲಿ ಎತ್ತುವ ಆರತಿ ತಟ್ಟೆಯ ನೀರು ಕೆಂಪಗಿರುತ್ತದೆ. ಅದಕ್ಕೆ ಯಾರೂ ಕೆಂಪು ಬಣ್ಣ ಬೆರೆಸಿರುವುದಿಲ್ಲ. ಅರಿಶಿನ ಕದಡಿದ ಹಳದಿ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ನೋಡನೋಡುತ್ತಲೇ ಅದು ಓಕುಳಿಯಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಸುಣ್ಣ ಕ್ಷಾರ, ನಿಂಬೆರಸ ಆಮ್ಲ, ಅರಿಶಿನ ಇವೆರಡರ ನಡುವಿನ ಸೂಚಕ ಎಂದು ಶಾಲೆಯ ವಿಜ್ಞಾನ ಪುಸ್ತಕ ಹೇಳುತ್ತದೆ. ಆದರೆ ಅರಿಶಿನ ಹೇಳುವುದು ಹೌದು ಅಥವಾ ಅಲ್ಲ ಎಂಬಷ್ಟನ್ನೇ. ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಆ ಉತ್ತರಕ್ಕಾಗಿ ಪಠ್ಯಪುಸ್ತಕದ ಮುಂದಿನ ಪುಟದಲ್ಲಿ ಒಂದು ಬಣ್ಣದ ಪಟ್ಟಿ ಇರುತ್ತದೆ. ಎಡ ತುದಿಯಲ್ಲಿ ಸೊನ್ನೆ, ಬಲ ತುದಿಯಲ್ಲಿ 14, ನಟ್ಟನಡುವೆ 7. ಇದೇ ಪಿಎಚ್ ಮಾಪಕ. ಏಳಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ, ಸರಿಯಾಗಿ ಏಳಾದರೆ ತಟಸ್ಥ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪಟ್ಟಿಯನ್ನು ನೋಡಿದವರಿಗೆ ಸೊನ್ನೆ ಮತ್ತು ಹದಿನಾಲ್ಕು ಪ್ರಕೃತಿಯೇ ಕಟ್ಟಿದ ಬೇಲಿಗಳೆಂಬ ಭಾವನೆ ಬಂದುಬಿಡುತ್ತದೆ. ಅವು ಬೇಲಿಗಳಲ್ಲ. ಒಂದು ನಿರ್ದಿಷ್ಟ ಕೆಲಸಕ್ಕಾಗಿ, ಒಂದು ನಿರ್ದಿಷ್ಟ ಸ್ಥಳದಲ್ಲಿ ಹುಟ್ಟಿದ ಅಳತೆಗೋಲು ಲೋಕವನ್ನೆಲ್ಲ ಸುತ್ತಿದ ಕತೆ ಇದರ ಹಿಂದಿದೆ. ಸುತ್ತುವಾಗ ಆ ಕೋಲು ಸಾಲದಾದ ಜಾಗಗಳೂ ಸಿಕ್ಕವು.

ಆಮ್ಲಗಳನ್ನು ಬಣ್ಣದಿಂದ ಗುರುತಿಸುವ ಪದ್ಧತಿಯನ್ನು ವಿಜ್ಞಾನದ ಕಟ್ಟಿಗೆ ತಂದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಾಬರ್ಟ್ ಬಾಯ್ಲ್. ಬಣ್ಣಗಳ ಕುರಿತು 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೇರಳೆ ಹೂವಿನ ಪಾನಕ ಆಮ್ಲಕ್ಕೆ ಕೆಂಪಾಗುವುದನ್ನೂ ಕ್ಷಾರಕ್ಕೆ ಹಸಿರಾಗುವುದನ್ನೂ ಆತ ದಾಖಲಿಸಿದ. ಆದರೆ ಹುಳಿಗೆ ಕಾರಣವೇನು? ಫ್ರಾನ್ಸಿನ ಲವಾಸಿಯೆ ಅದನ್ನು ಒಂದು ಅನಿಲದ ತಲೆಗೆ ಕಟ್ಟಿ, ಆ ಅನಿಲಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬರ್ಥದ ಹೆಸರನ್ನೇ ಇಟ್ಟ. ಕನ್ನಡದ ‘ಆಮ್ಲಜನಕ’ ಆ ಹೆಸರಿನದೇ ಅನುವಾದ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ಹಂಫ್ರಿ ಡೇವಿ 1810ರಲ್ಲಿ ತೋರಿಸಿದ ಮೇಲೆ ಆ ವಾದ ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ತಪ್ಪು ಎಂದು ಗೊತ್ತಾಗಿ ಎರಡು ಶತಮಾನ ಕಳೆದರೂ ಆಮ್ಲದ ಜನಕ ಎಂಬ ಬಿರುದು ಅದರದೇ. ನಿಜವಾದ ಅಪರಾಧಿ ಜಲಜನಕ. ನೀರಿನಲ್ಲಿ ಕರಗಿದಾಗ ವಿದ್ಯುದಂಶ ಹೊತ್ತ ಜಲಜನಕ ಅಯಾನುಗಳನ್ನು ಬಿಡುವ ವಸ್ತುವೇ ಆಮ್ಲ ಎಂಬ ವಿವರಣೆಗೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಅಡಿಪಾಯ ಹಾಕಿದ.

ಅಳತೆಗೋಲು ಹುಟ್ಟಿದ್ದು ಮಾತ್ರ ವಿಶ್ವವಿದ್ಯಾಲಯದಲ್ಲಲ್ಲ, ಬಿಯರ್ ತಯಾರಿಕೆಯ ನೆರಳಿನಲ್ಲಿ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಮಾಲೀಕ ಜೆ. ಸಿ. ಜೇಕಬ್‌ಸನ್ 1875ರಲ್ಲಿ ಒಂದು ಪ್ರಯೋಗಾಲಯವನ್ನು ತೆರೆದ. ಬಾರ್ಲಿ ಮೊಳಕೆಯೊಡೆದು, ಅದರ ಪಿಷ್ಟ ಸಕ್ಕರೆಯಾಗಿ, ಸಕ್ಕರೆ ಹುದುಗಿ ಮದ್ಯವಾಗುವುದರ ಗುಟ್ಟನ್ನು ವಿಜ್ಞಾನದಿಂದ ತಿಳಿಯಬೇಕೆಂಬುದು ಅವನ ಹಂಬಲ. ಅಲ್ಲಿ ದೊರೆತ ಫಲಿತಾಂಶವನ್ನು ಬಚ್ಚಿಡಬಾರದು, ಲೋಕಕ್ಕೆ ಪ್ರಕಟಿಸಬೇಕು ಎಂಬುದು ಅವನು ಹಾಕಿದ ಕಟ್ಟಳೆ. ವ್ಯಾಪಾರಿಯೊಬ್ಬ ಹೀಗೆ ಯೋಚಿಸುವುದು ಆಗಲೂ ಅಪರೂಪ, ಈಗಲೂ ಅಪರೂಪ. ಆಹಾರದಲ್ಲಿನ ಸಾರಜನಕವನ್ನು ಅಳೆಯುವ ಹೆಸರಾಂತ ವಿಧಾನವನ್ನು 1883ರಲ್ಲಿ ಕಂಡುಹಿಡಿದ ಯೋಹಾನ್ ಕೆಲ್ಡಾಲ್ ಇಲ್ಲಿಯ ರಸಾಯನ ವಿಭಾಗದ ಮುಖ್ಯಸ್ಥನಾಗಿದ್ದ. ಅವನ ನಿಧನಾನಂತರ 1901ರಲ್ಲಿ ಆ ಕುರ್ಚಿಗೆ ಬಂದವನು ಸೋರೆನ್ ಪೀಟರ್ ಲೌರಿಟ್ಸ್ ಸೋರೆನ್‌ಸನ್.

ಸೋರೆನ್‌ಸನ್ ಎದುರಿಗಿದ್ದ ಸಮಸ್ಯೆ ಕಿಣ್ವಗಳದು. ಜೀವಿಗಳ ಒಡಲಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಈ ವಸ್ತುಗಳು ಬಹಳ ನಾಜೂಕು. ಹುಳಿ ತುಸು ಹೆಚ್ಚಾದರೆ ಕೆಲಸ ನಿಲ್ಲಿಸುತ್ತವೆ, ತುಸು ಕಡಿಮೆಯಾದರೂ ಮುನಿಯುತ್ತವೆ. ಆದ್ದರಿಂದ ಪ್ರಯೋಗಕ್ಕೆ ಮೊದಲು ದ್ರಾವಣದ ಹುಳಿ ಎಷ್ಟೆಂದು ಖಚಿತವಾಗಿ ತಿಳಿದಿರಬೇಕು. ಅಂದಿನ ರೂಢಿಯಂತೆ, ದ್ರಾವಣಕ್ಕೆ ಎಷ್ಟು ಆಮ್ಲ ಸುರಿದಿದ್ದೇವೆ ಎಂಬ ಲೆಕ್ಕವನ್ನೇ ಹುಳಿಯ ಲೆಕ್ಕವೆಂದು ಹಿಡಿಯುತ್ತಿದ್ದರು. ಅಲ್ಲೇ ತೊಡಕು. ದ್ರಾವಣದಲ್ಲಿ ಪ್ರೋಟೀನುಗಳಿದ್ದರೆ ಸುರಿದ ಆಮ್ಲದ ಬಹುಪಾಲನ್ನು ಅವೇ ನುಂಗಿಬಿಡುತ್ತವೆ. ಕಿಣ್ವಕ್ಕೆ ತಾಗುವುದು ಸುರಿದ ಆಮ್ಲವಲ್ಲ, ಬಿಡಿಯಾಗಿ ಉಳಿದ ಜಲಜನಕ ಅಯಾನುಗಳು ಮಾತ್ರ. ಅಳೆಯಬೇಕಾದದ್ದು ಅವನ್ನು ಎಂದು ಸೋರೆನ್‌ಸನ್ ನಿರ್ಧರಿಸಿದ.

ಅಳೆಯಲು ಜಲಜನಕದ ವಿದ್ಯುದ್ವಾರ ಆಗಲೇ ಇತ್ತು. ಸಂಕಟವಿದ್ದದ್ದು ಅಂಕಿಗಳಲ್ಲಿ. ಶುದ್ಧ ನೀರಿನ ಅಣುಗಳಲ್ಲಿ ಎಲ್ಲೋ ಕೆಲವು ತಾವಾಗಿಯೇ ಒಡೆಯುತ್ತವೆ. ಹೀಗೆ ಒಂದು ಲೀಟರ್ ನೀರಿನಲ್ಲಿ ಬಿಡಿಯಾಗಿ ಸಿಗುವ ಜಲಜನಕ ಅಯಾನುಗಳ ತೂಕ ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು. ಜಠರರಸದಂಥ ಹುಳಿಯಲ್ಲಿ ಅದು ಗ್ರಾಮಿನ ನೂರರಲ್ಲೊಂದು ಪಾಲಿನ ಆಸುಪಾಸು. ಇಷ್ಟು ದೂರದ ಅಂಕಿಗಳನ್ನು ಒಂದೇ ನಕ್ಷೆಯ ಮೇಲೆ ಗುರುತಿಸುವುದು ಹೇಗೆ? 1909ರಲ್ಲಿ ಪ್ರಕಟಿಸಿದ ಕಿಣ್ವಗಳ ಕುರಿತ ದೀರ್ಘ ಪ್ರಬಂಧದಲ್ಲಿ ಸೋರೆನ್‌ಸನ್ ಸರಳ ಉಪಾಯವೊಂದನ್ನು ಹೇಳಿದ. ಭಿನ್ನರಾಶಿಯ ಕೆಳಗಿರುವ ಸೊನ್ನೆಗಳನ್ನು ಎಣಿಸಿ, ಆ ಎಣಿಕೆಯನ್ನೇ ಬರೆದರಾಯಿತು. ಕೋಟಿಗೆ ಏಳು ಸೊನ್ನೆ. ಶುದ್ಧ ನೀರಿಗೆ 7. ನೂರಕ್ಕೆ ಎರಡು ಸೊನ್ನೆ, ಜಠರರಸಕ್ಕೆ 2. ಗಣಿತದ ಭಾಷೆಯಲ್ಲಿ ಇದು ಲಘುಗಣಕ. ಪಿಎಚ್ ಎಂಬ ಚಿಹ್ನೆಯಲ್ಲಿ ‘ಎಚ್’ ಜಲಜನಕದ ಗುರುತು. ‘ಪಿ’ ಏಕೆ ಬಂತೆಂದು ಸೋರೆನ್‌ಸನ್ ಬಿಡಿಸಿ ಹೇಳಲಿಲ್ಲ. ಘಾತ ಎಂಬರ್ಥದ ಜರ್ಮನ್ ಪದದ ಮೊದಲಕ್ಷರವೆಂದು ಕೆಲವರು, ಫ್ರೆಂಚ್ ಪದದ್ದೆಂದು ಕೆಲವರು ಇಂದಿಗೂ ಜಗ್ಗಾಡುತ್ತಾರೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸೋರೆನ್‌ಸನ್‌ಗೆ ಬೇಕಾಗಿದ್ದುದು ಕಿಣ್ವಗಳು ಬದುಕುವ ತಿಳಿ ದ್ರಾವಣಗಳ ಅಳತೆ. ಹೊಗೆಯಾಡುವ ಗಂಧಕಾಮ್ಲಕ್ಕಾಗಲಿ, ಗಣಿಯ ಕೊಳಕು ನೀರಿಗಾಗಲಿ ಅವನು ಈ ಕೋಲನ್ನು ಕೆತ್ತಲಿಲ್ಲ. ಸೊನ್ನೆಯಿಂದ 14 ಎಂಬ ಗಡಿ ಬಂದದ್ದು ನೀರಿನ ಒಂದು ಗುಣದಿಂದ. ನೀರಿನಲ್ಲಿ ಜಲಜನಕ ಅಯಾನು ಹೆಚ್ಚಿದಂತೆ ಅದರ ಎದುರಾಳಿಯಾದ ಹೈಡ್ರಾಕ್ಸಿಲ್ ಅಯಾನು ಕಡಿಮೆಯಾಗುತ್ತದೆ. ಇವೆರಡರ ಸೊನ್ನೆಗಳನ್ನು ಕೂಡಿಸಿದರೆ ಯಾವಾಗಲೂ 14 ಬರುತ್ತದೆ. ಒಂದು ಲೀಟರಿನಲ್ಲಿ ಒಂದು ಗ್ರಾಮ್ ಜಲಜನಕ ಅಯಾನುಗಳಿದ್ದರೆ ಪಿಎಚ್ ಸೊನ್ನೆ. ಆದರೆ ಒಂದೇ ಗ್ರಾಮಿಗೆ ನಿಲ್ಲಬೇಕೆಂದು ಯಾವ ಕಾನೂನೂ ಇಲ್ಲ. ಪ್ರಯೋಗಾಲಯದ ಸೀಸೆಯಲ್ಲಿ ಬರುವ ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಲೀಟರಿಗೆ ಸುಮಾರು ಹನ್ನೆರಡು ಗ್ರಾಮ್ ಇರುತ್ತದೆ. ಲೆಕ್ಕ ಮಾಡಿದರೆ ಪಿಎಚ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಸಾಂದ್ರ ಕಾಸ್ಟಿಕ್ ಸೋಡಾದಲ್ಲಿ 14ನ್ನು ದಾಟುತ್ತದೆ.

ನಡುವಿನ ಏಳು ಕೂಡ ಗಟ್ಟಿಯಲ್ಲ. ಅದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಮಾತು. ಕುದಿಯುವ ಶುದ್ಧ ನೀರಿನ ಪಿಎಚ್ ಸುಮಾರು 6.1. ಹಾಗೆಂದು ಕುದಿಯುವ ನೀರು ಹುಳಿಯಲ್ಲ, ಎದುರಾಳಿಗಳಿಬ್ಬರೂ ಸಮನಾಗಿ ಹೆಚ್ಚಿರುವುದರಿಂದ ಅದು ತಟಸ್ಥವೇ. ಮನುಷ್ಯನ ಮೈಬಿಸಿಯಲ್ಲಿ ತಟಸ್ಥ ಬಿಂದು 6.8. ನೀರನ್ನೇ ಬಿಟ್ಟು ಈಥೈಲ್ ಆಲ್ಕೊಹಾಲಿಗೆ ಹೋದರೆ ಪಟ್ಟಿಯ ಉದ್ದವೇ 19ಕ್ಕೆ ಬೆಳೆಯುತ್ತದೆ, ನಡುಬಿಂದು ಒಂಬತ್ತೂವರೆಗೆ ಸರಿಯುತ್ತದೆ.

ಇನ್ನೂ ಆಳದ ತೊಡಕೊಂದನ್ನು ಸೋರೆನ್‌ಸನ್ ಸ್ವತಃ ಕಂಡುಕೊಂಡ. ವಿದ್ಯುದ್ವಾರ ಅಯಾನುಗಳ ತಲೆ ಎಣಿಸುವುದಿಲ್ಲ, ಅವುಗಳ ಚಟುವಟಿಕೆಗೆ ಸ್ಪಂದಿಸುತ್ತದೆ. ತೀರ ತಿಳಿ ದ್ರಾವಣದಲ್ಲಿ ಎರಡೂ ಒಂದೇ. ದ್ರಾವಣ ದಟ್ಟವಾದಂತೆ ಬೇರೆಯಾಗುತ್ತವೆ. ಮದುವೆ ಮನೆಯಲ್ಲಿ ಅತಿಥಿಗಳು ಕಡಿಮೆ, ಬಡಿಸುವವರು ಹೆಚ್ಚು ಇದ್ದಾಗ ಎಲ್ಲರೂ ಎಲೆಯ ಮುಂದೆ ತಣ್ಣಗೆ ಕುಳಿತಿರುತ್ತಾರೆ. ಪಂಕ್ತಿಯ ಮೇಲೆ ಪಂಕ್ತಿ ಸೇರಿ ಬಡಿಸುವವರೇ ಸಾಲದಾದಾಗ ಜನ ಅಡುಗೆಮನೆಗೇ ನುಗ್ಗುತ್ತಾರೆ. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದು ಸಂಭಾಳಿಸುವುದೂ ಹೀಗೆಯೇ. ನೀರು ಸಾಲದಾದಾಗ ಜಲಜನಕ ಅಯಾನಿನ ಆಟಾಟೋಪ ಅದರ ಸಂಖ್ಯೆಯನ್ನು ಮೀರುತ್ತದೆ. 1924ರಲ್ಲಿ ಸೋರೆನ್‌ಸನ್ ತನ್ನ ಸಹೋದ್ಯೋಗಿ ಲಿಂಡರ್‌ಸ್ಟ್ರೋಮ್-ಲಾಂಗ್ ಜತೆ ಸೇರಿ ಪಿಎಚ್‌ನ ವ್ಯಾಖ್ಯೆಯನ್ನು ಸಂಖ್ಯೆಯಿಂದ ಚಟುವಟಿಕೆಗೆ ಬದಲಿಸಿದ. ಆದರೆ ಒಂದೇ ಜಾತಿಯ ಅಯಾನಿನ ಚಟುವಟಿಕೆಯನ್ನು ಬೇರ್ಪಡಿಸಿ ಅಳೆಯಲು ಸಾಧ್ಯವೇ ಇಲ್ಲ. ಅದರ ಪಕ್ಕದಲ್ಲಿ ಎದುರು ವಿದ್ಯುದಂಶದ ಜೊತೆಗಾರ ಇದ್ದೇ ಇರುತ್ತಾನೆ. ಹಾಗಾಗಿ ಪಿಎಚ್‌ನ ಇಂದಿನ ವ್ಯಾಖ್ಯೆಯ ತಳದಲ್ಲಿ ರಸಾಯನ ವಿಜ್ಞಾನಿಗಳು ತಮ್ಮೊಳಗೆ ಮಾಡಿಕೊಂಡ ಒಂದು ಒಪ್ಪಂದ ಕುಳಿತಿದೆ. ಮೊದಲೇ ಬೆಲೆ ಕಟ್ಟಿದ ಮಾನಕ ದ್ರಾವಣಗಳನ್ನು ಇಟ್ಟುಕೊಂಡು, ಉಳಿದವನ್ನು ಅವುಗಳೊಂದಿಗೆ ಹೋಲಿಸಿ ನೋಡುವುದೇ ರೂಢಿ.

ಈ ಸೂಕ್ಷ್ಮಗಳೆಲ್ಲ ಜನರ ಕಣ್ಣಿನಿಂದ ಮರೆಯಾಗಲು ಒಂದು ಪೆಟ್ಟಿಗೆಯೂ ಕಾರಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಬೆಳೆಗಾರರ ಸಂಘಕ್ಕೆ ನಿಂಬೆರಸದ ಹುಳಿಯನ್ನು ಅಳೆಯಬೇಕಿತ್ತು. ರಸ ಕೆಡದಿರಲೆಂದು ಬೆರೆಸಿದ ಗಂಧಕದ ಡೈಆಕ್ಸೈಡ್ ಲಿಟ್ಮಸ್ಸಿನ ಬಣ್ಣವನ್ನೇ ತೊಳೆದುಬಿಡುತ್ತಿತ್ತು, ಜಲಜನಕದ ವಿದ್ಯುದ್ವಾರವನ್ನೂ ಕೆಡಿಸುತ್ತಿತ್ತು. ಅಲ್ಲಿದ್ದ ರಸಾಯನ ವಿಜ್ಞಾನಿ 1934ರಲ್ಲಿ ತನ್ನ ಹಳೆಯ ಸಹಪಾಠಿ ಆರ್ನಲ್ಡ್ ಬೆಕ್‌ಮನ್ ಬಳಿ ಬಂದ. ಗಾಜಿನ ತೆಳು ಗುಳ್ಳೆ ಆಮ್ಲಕ್ಕೆ ಸ್ಪಂದಿಸುತ್ತದೆಂಬುದು 1906ರಿಂದಲೇ ತಿಳಿದಿತ್ತು. ಆದರೆ ಅದರಿಂದ ಹೊಮ್ಮುವ ವಿದ್ಯುತ್ ಅತ್ಯಲ್ಪ. ರೇಡಿಯೊದಲ್ಲಿ ಬಳಸುವಂಥ ನಿರ್ವಾತ ಕೊಳವೆಗಳಿಂದ ಬೆಕ್‌ಮನ್ ಅದನ್ನು ವರ್ಧಿಸಿ, ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದ. ಬೆಲೆ 195 ಡಾಲರ್. ಹತ್ತು ವರ್ಷದಲ್ಲಿ ಹೆಚ್ಚೆಂದರೆ 600 ಮಾರಾಟವಾದೀತು ಎಂದು ವ್ಯಾಪಾರಿಗಳು ಅಂದಾಜಿಸಿದರು. ಅಂದಾಜು ತೀರ ತಪ್ಪಾಯಿತು. ಆಸ್ಪತ್ರೆ, ಡೈರಿ, ಬಣ್ಣದ ಕಾರ್ಖಾನೆ, ನೀರು ಸರಬರಾಜು ಕೇಂದ್ರ ಎಲ್ಲೆಲ್ಲೂ ಪಿಎಚ್ ಮೀಟರ್ ಬಂತು. ಗುಳ್ಳೆ ಅದ್ದಿದರೆ ಅಂಕಿ ಬರುತ್ತದೆ. ಅಂಕಿ ಬಂದ ಮೇಲೆ ಅನುಮಾನ ಹೋಗುತ್ತದೆ. ಪ್ರಬಲ ಕ್ಷಾರದಲ್ಲಿ ಗಾಜು ಸೋಡಿಯಂ ಅಯಾನನ್ನೇ ಜಲಜನಕವೆಂದು ಭ್ರಮಿಸುತ್ತದೆ, ಅತಿ ಆಮ್ಲದಲ್ಲೂ ತಪ್ಪು ಹೇಳುತ್ತದೆ ಎಂಬ ಎಚ್ಚರಿಕೆ ಕೈಪಿಡಿಯ ಯಾವುದೋ ಪುಟದಲ್ಲಿ ಉಳಿಯಿತು.

ಅಂಕಿ ಸರಿಯಾಗಿದ್ದಾಗಲೂ ಅದು ಹೇಳದೆ ಬಿಡುವ ಸಂಗತಿಗಳಿವೆ. ಮಳೆ ಹೆಚ್ಚು ಸುರಿಯುವ ಮಲೆನಾಡು, ಕರಾವಳಿಗಳ ಮಣ್ಣು ಸಾಮಾನ್ಯವಾಗಿ ಹುಳಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಎರಡು ಜಮೀನುಗಳಿಗೂ ಪಿಎಚ್ 5 ಎಂದೇ ಬಂದಿರಬಹುದು. ಆದರೆ ಒಂದು ಮರಳು ಮಣ್ಣು, ಇನ್ನೊಂದು ಜೇಡಿಯಾದರೆ, ಜೇಡಿಗೆ ಬೇಕಾಗುವ ಸುಣ್ಣ ಮರಳಿನದಕ್ಕಿಂತ ಎಷ್ಟೋ ಹೆಚ್ಚು. ಜೇಡಿ ತನ್ನ ಕಣಗಳ ಮೈಯಲ್ಲಿ ಹುಳಿಯನ್ನು ಅವಿತಿಟ್ಟುಕೊಂಡಿರುತ್ತದೆ. ಪಿಎಚ್ ಹೇಳುವುದು ಈ ಕ್ಷಣ ಹೊರಗೆ ಓಡಾಡುತ್ತಿರುವ ಹುಳಿಯನ್ನು ಮಾತ್ರ, ಕಣಜದಲ್ಲಿರುವುದನ್ನಲ್ಲ. ಹಾಗೆಯೇ ಸೊನ್ನೆ ಎಣಿಸುವ ಉಪಾಯ ದೊಡ್ಡ ಬದಲಾವಣೆಯನ್ನು ಚಿಕ್ಕದಾಗಿ ತೋರಿಸುತ್ತದೆ. ಕೈಗಾರಿಕಾ ಯುಗದ ಮೊದಲು ಸಮುದ್ರದ ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇದ್ದದ್ದು ಈಗ ಸುಮಾರು 8.1. ವ್ಯತ್ಯಾಸ ಕೇವಲ 0.1 ಎಂದು ತಾತ್ಸಾರ ಮಾಡುವಂತಿಲ್ಲ. ಜಲಜನಕ ಅಯಾನುಗಳು ನೂರಕ್ಕೆ 26ರಷ್ಟು ಹೆಚ್ಚಿವೆ ಎಂಬುದು ಅದರ ಅರ್ಥ. ರಕ್ತದ ಪಿಎಚ್ 7.4ರಿಂದ 7.1ಕ್ಕೆ ಇಳಿದರೆ ಹುಳಿ ಇಮ್ಮಡಿಯಾಗಿರುತ್ತದೆ, ರೋಗಿಯ ಪ್ರಾಣಕ್ಕೆ ಸಂಚಕಾರ ಬಂದಿರುತ್ತದೆ.

ಪಟ್ಟಿಯ ಹೊರಗಿನ ಪ್ರದೇಶಕ್ಕೆ ಮೊದಲು ಸರಿಯಾದ ಹೊಸ ಕೋಲು ಹಿಡಿದು ಹೊರಟವರು ಅಮೆರಿಕದ ಲೂಯಿ ಹ್ಯಾಮೆಟ್ ಮತ್ತು ಅವನ ವಿದ್ಯಾರ್ಥಿ ಆಲ್ಡನ್ ಡೇರಪ್. ನೀರು ಹೆಸರಿಗಷ್ಟೇ ಇರುವ ಗಂಧಕಾಮ್ಲದಲ್ಲಿ ಪಿಎಚ್ ಮಾತಿಗೆ ಅರ್ಥವಿಲ್ಲವೆಂದು ಕಂಡ ಅವರು 1932ರಲ್ಲಿ ಮತ್ತೆ ಬಣ್ಣಗಳಿಗೇ ಮರಳಿದರು. ಆಮ್ಲವು ಎಷ್ಟು ದುರ್ಬಲವಾದ ಕ್ಷಾರೀಯ ಬಣ್ಣದ್ರವ್ಯದ ಮೇಲೆ ಜಲಜನಕ ಅಯಾನನ್ನು ಹೇರಬಲ್ಲದು ಎಂಬುದೇ ಅದರ ಬಲಕ್ಕೆ ಸಾಕ್ಷಿ. ಈ ಹೊಸ ಮಾಪಕ ತಿಳಿ ದ್ರಾವಣಗಳಲ್ಲಿ ಪಿಎಚ್‌ನೊಂದಿಗೆ ಕೂಡಿಕೊಳ್ಳುತ್ತದೆ, ಅದು ನಿಲ್ಲುವಲ್ಲಿಂದ ಮುಂದೆ ನಡೆಯುತ್ತದೆ. ಶುದ್ಧ ಗಂಧಕಾಮ್ಲ ಅದರಲ್ಲಿ ಸೊನ್ನೆಯ ಕೆಳಗೆ 12ರ ಹತ್ತಿರ ನಿಂತಿತು. ಪಠ್ಯಪುಸ್ತಕದ ಸೊನ್ನೆಗಿಂತ ಲಕ್ಷ ಕೋಟಿ ಪಟ್ಟು ಉಗ್ರ.

ಅಲ್ಲಿಗೂ ಮುಗಿಯಲಿಲ್ಲ. ‘ಅತ್ಯಾಮ್ಲ’ ಎನ್ನಬಹುದಾದ ಹೆಸರನ್ನು ಜೇಮ್ಸ್ ಕೊನಾಂಟ್ ಮತ್ತು ನಾರಿಸ್ ಹಾಲ್ 1927ರಲ್ಲೇ ಟಂಕಿಸಿದ್ದರು. ಹಂಗೆರಿಯಿಂದ ವಲಸೆ ಬಂದ ಜಾರ್ಜ್ ಓಲಾ 1960ರ ದಶಕದಲ್ಲಿ ಕ್ಲೀವ್‌ಲೆಂಡಿನ ತನ್ನ ಪ್ರಯೋಗಾಲಯದಲ್ಲಿ, ಶುದ್ಧ ಗಂಧಕಾಮ್ಲವನ್ನು ಲಕ್ಷಾಂತರ ಪಟ್ಟು ಮೀರಿಸುವ ಆಮ್ಲಗಳೊಂದಿಗೆ ಕೆಲಸ ಮಾಡುತ್ತಿದ್ದ. 1966ರ ಕ್ರಿಸ್‌ಮಸ್ ಸಂತೋಷಕೂಟ ಮುಗಿದ ಮೇಲೆ ಅಲ್ಲಿದ್ದ ಜರ್ಮನ್ ಸಂಶೋಧಕನೊಬ್ಬ ಉಳಿದ ಮೇಣದ ಬತ್ತಿಯ ತುಂಡನ್ನು ಅಂಥದೊಂದು ಆಮ್ಲಕ್ಕೆ ಹಾಕಿದ. ಸಾಮಾನ್ಯ ಆಮ್ಲಗಳಿಗೆ ಜಗ್ಗದ ಮೇಣ ಕರಗಿಹೋಯಿತು. ಅವರು ಅದಕ್ಕೆ ‘ಮಾಂತ್ರಿಕ ಆಮ್ಲ’ ಎಂದು ಹೆಸರಿಟ್ಟರು. ಈ ಬಗೆಯ ಸಂಶೋಧನೆಗಾಗಿ ಓಲಾಗೆ 1994ರಲ್ಲಿ ನೊಬೆಲ್ ಬಂತು.

ಇವೆಲ್ಲ ಮುಚ್ಚಿದ ಸೀಸೆಗಳ ಸಂಗತಿ; ಬಯಲಿನಲ್ಲಿ ಹರಿಯುವ ನೀರಿಗೂ ಋಣ ಪಿಎಚ್‌ಗೂ ಏನು ಸಂಬಂಧ ಎಂದುಕೊಂಡವರಿಗೆ ಉತ್ತರ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಉತ್ತರಕ್ಕೆ, ರೆಡಿಂಗ್ ಪಟ್ಟಣದ ಹತ್ತಿರವಿರುವ ಐರನ್ ಮೌಂಟನ್ ಎಂಬ ಬೆಟ್ಟದಲ್ಲಿ. ಅಲ್ಲಿ 1860ರ ದಶಕದಿಂದ 1963ರವರೆಗೆ ತಾಮ್ರ, ಸತು, ಬೆಳ್ಳಿ, ಚಿನ್ನಗಳಿಗಾಗಿ ಅಗೆದರು. ಅದಿರಿನ ಬಹುಭಾಗ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಸಂಯುಕ್ತ. ನೆಲದೊಳಗೆ ಮುಚ್ಚಿರುವವರೆಗೆ ಅದು ಸಾಧು. ಸುರಂಗಗಳ ಮೂಲಕ ಗಾಳಿ, ನೀರು ಸೋಕಿದೊಡನೆ ಅದರ ಗಂಧಕ ಗಂಧಕಾಮ್ಲವಾಗತೊಡಗುತ್ತದೆ. ಆ ಹುಳಿಯಲ್ಲೇ ಬದುಕುವ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಗಣಿ ಮುಚ್ಚಿದ ಮೇಲೂ ಬೆಟ್ಟ ಆಮ್ಲ ಕಾರುತ್ತಲೇ ಇತ್ತು. ತಾಮ್ರ, ಸತು, ಕ್ಯಾಡ್ಮಿಯಂ ಕರಗಿದ ಆ ನೀರು ತೊರೆಗಳ ಮೂಲಕ ಸ್ಯಾಕ್ರಮೆಂಟೊ ನದಿಗೆ ಸೇರಿ, ಮೊಟ್ಟೆಯಿಡಲು ಸಮುದ್ರದಿಂದ ಮೇಲೇರಿ ಬರುವ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿತ್ತು. 1983ರಲ್ಲಿ ಅಮೆರಿಕ ಸರ್ಕಾರ ಇದನ್ನು ದೇಶದ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿತು.

ಪರಿಹಾರವಾಗಿ ಮುಂದಿಟ್ಟ ಸಲಹೆಗಳಲ್ಲಿ ಒಂದು ಬಹಳ ಸುಲಭವಾಗಿ ಕಾಣುತ್ತಿತ್ತು. ಸುರಂಗದ ಬಾಯಿಗೆ ಬಿರಡೆ ಜಡಿಯುವುದು. ಒಳಗೆ ನೀರು ತುಂಬಿದರೆ ಗಾಳಿ ಆಡುವುದಿಲ್ಲ, ಗಾಳಿ ಆಡದಿದ್ದರೆ ಆಮ್ಲ ಹುಟ್ಟುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಡ್ಯಾರೆಲ್ ನಾರ್ಡ್‌ಸ್ಟ್ರಾಮ್, ಚಾರ್ಲ್ಸ್ ಆಲ್ಪರ್ಸ್ ಮತ್ತು ಸಂಗಡಿಗರು 1990-91ರಲ್ಲಿ ರಿಚ್ಮಂಡ್ ಎಂಬ ಸುರಂಗದೊಳಗೆ ಇಳಿದು ತೊಟ್ಟಿಕ್ಕುವ ನೀರನ್ನು ಹಿಡಿದರು. ಪೈರೈಟ್ ಉರಿಯುವ ಕಾವಿಗೆ ಒಳಗೆ 47 ಡಿಗ್ರಿಯವರೆಗೆ ಸೆಕೆ. ಆ ಸೆಕೆಗೆ ನೀರು ಆರಿ ಆಮ್ಲ ಇನ್ನಷ್ಟು ಗಟ್ಟಿಯಾಗಿತ್ತು. ಗೋಡೆಗಳ ಮೇಲೆ ಹಸಿರು, ಹಳದಿ ಲವಣಗಳು ಹರಳುಗಟ್ಟಿದ್ದವು. ಪಿಎಚ್ ಮೀಟರನ್ನು ಅದ್ದಿದರೆ ಅಂಕಿ ಸೊನ್ನೆಯ ಕೆಳಗೆ ಇಳಿಯಿತು. ನಂಬುವುದು ಹೇಗೆ? ಮೀಟರನ್ನು ಹೊಂದಿಸಲು ಬಳಸುವ ಮಾನಕ ದ್ರಾವಣಗಳು ಅಷ್ಟು ಕೆಳಗೆ ಇಲ್ಲವೇ ಇಲ್ಲ. ಅವರು ತಿಳಿದ ಸಾಂದ್ರತೆಯ ಗಂಧಕಾಮ್ಲಗಳನ್ನೇ ಮಾನಕಗಳಾಗಿ ಮಾಡಿಕೊಂಡು, ಅವುಗಳ ಚಟುವಟಿಕೆಯನ್ನು ಲೆಕ್ಕಾಚಾರದಿಂದ ಪಡೆದು, ಮೀಟರಿನ ಓದುವಿಕೆಯನ್ನು ಅವುಗಳೊಂದಿಗೆ ಹೋಲಿಸಿದರು. 2000ದಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಅತಿ ಉಗ್ರವಾದ ಮಾದರಿಯ ಪಿಎಚ್ ಸೊನ್ನೆಗಿಂತ 3.6 ಕೆಳಗೆ. ಬರಿಯ ತಲೆ ಎಣಿಕೆಯೆಂದು ಹಿಡಿದರೆ ಲೀಟರಿಗೆ ಸುಮಾರು ನಾಲ್ಕು ಕಿಲೋಗ್ರಾಮ್ ಜಲಜನಕ ಅಯಾನು ಇರಬೇಕಾಗುತ್ತದೆ. ಒಂದು ಲೀಟರ್ ನೀರಿನಲ್ಲಿರುವ ಒಟ್ಟು ಜಲಜನಕವೇ 111 ಗ್ರಾಮ್. ಸೋರೆನ್‌ಸನ್ 1924ರಲ್ಲಿ ಸಂಖ್ಯೆಯನ್ನು ಬಿಟ್ಟು ಚಟುವಟಿಕೆಯನ್ನು ಹಿಡಿದದ್ದು ಎಷ್ಟು ಸರಿಯೆಂದು ಇಲ್ಲಿ ತಿಳಿಯುತ್ತದೆ. ಆ ಮಾದರಿಗಳಲ್ಲಿ ಕರಗಿದ್ದ ಲೋಹಗಳೇ ಲೀಟರಿಗೆ 200 ಗ್ರಾಮಿನಷ್ಟು, ಸಲ್ಫೇಟ್ 760 ಗ್ರಾಮಿನಷ್ಟು ಇದ್ದವು. ಅದನ್ನು ನೀರು ಎನ್ನುವುದೇ ಕಷ್ಟ.

ಈ ಅಂಕಿಗಳಿಂದ ಬಿರಡೆಯ ಯೋಜನೆ ತಲೆಕೆಳಗಾಯಿತು. ಸುರಂಗದಲ್ಲಿ ನೀರು ತುಂಬಿದರೆ ಗೋಡೆಯ ಲವಣಗಳು ಕರಗಿ, ಅವು ಒಡಲಲ್ಲಿ ಹಿಡಿದಿಟ್ಟ ಆಮ್ಲವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಬೆಟ್ಟದ ಹೊಟ್ಟೆಯಲ್ಲಿ ಪಿಎಚ್ ಒಂದು ಅಥವಾ ಅದಕ್ಕೂ ಕಡಿಮೆ ಇರುವ, ಸುಮಾರು ಆರು ಲಕ್ಷ ಘನ ಮೀಟರಿನ ಕೊಳ ನಿಲ್ಲುತ್ತದೆ. ಅದು ಯಾವ ಬಿರುಕಿನಿಂದ ಯಾವಾಗ ನದಿಗೆ ನುಗ್ಗುತ್ತದೆಂದು ಹೇಳಲಾಗದು ಎಂದು ಅವರು 1999ರಲ್ಲಿ ಎಚ್ಚರಿಸಿದರು. ಬೆಟ್ಟದಲ್ಲಿ ಉಳಿದಿರುವ ಪೈರೈಟ್ ಇದೇ ವೇಗದಲ್ಲಿ ಕರಗಿ ಮುಗಿಯಲು ಸುಮಾರು 3000 ವರ್ಷ ಬೇಕು. ಬಿರಡೆಯ ಬದಲು, ಹೊರಬರುವ ನೀರನ್ನೆಲ್ಲ ಹಿಡಿದು ಶುದ್ಧೀಕರಣ ಘಟಕಕ್ಕೆ ಹಾಯಿಸುವ ದಾರಿಯನ್ನೇ ಆರಿಸಿಕೊಂಡರು. 1994ರಲ್ಲಿ ಆರಂಭವಾದ ಆ ಘಟಕದಲ್ಲಿ ನೀರಿನ ಹುಳಿ ಮುರಿಯಲು ಬೆರೆಸುವುದು ಸುಣ್ಣವನ್ನು.